ಶೈಯೆನ್ ಬಾಟಮ್ಸ್‌ನಲ್ಲಿ ಸ್ಯಾಂಡ್‌ಪೈಪರ್ ಯಾಕೆ ಸಿಗಲಿಲ್ಲ

ತಿಂಗಳು ತಪ್ಪಿರಬೇಕು. ಅಮೆರಿಕದ ಕಾನ್ಸಾಸ್‌ನಲ್ಲಿರುವ ಶೈಯೆನ್ ಬಾಟಮ್ಸ್ ಜೌಗಿಗೆ ಜೂನ್ ನಡುವಲ್ಲಿ ಹೋಗಿದ್ದೆ, ಸ್ಯಾಂಡ್‌ಪೈಪರ್ (ನೀರಂಚಿನ ಕೆಸರಲ್ಲಿ ಮೇಯುವ ವಲಸೆ ಹಕ್ಕಿ) ಸಿಗಲೇ ಇಲ್ಲ ಅಂದಿದ್ದೀರಿ. ಅಷ್ಟೊತ್ತಿಗೆ ಹೆಚ್ಚಿನವು ಮರಿ ಮಾಡಲು ಆರ್ಕ್‌ಟಿಕ್ ಕಡೆ ಹೋಗಿಬಿಟ್ಟಿರುತ್ತವೆ.

ಈ ಸಲ ಏಪ್ರಿಲ್ ಕೊನೆಯಿಂದ ಮೇ ನಡುವಿನೊಳಗೆ ಮೂರು ದಿನ ಇಟ್ಟುಕೊಳ್ಳಿ. ಹತ್ತಿರದ ಗ್ರೇಟ್ ಬೆಂಡ್ ಊರಲ್ಲಿ ರೂಮ್ ಮಾಡಿ. ಮೊದಲು ಶೈಯೆನ್ ಬಾಟಮ್ಸ್ ಪಕ್ಕದ ವೆಟ್‌ಲ್ಯಾಂಡ್ಸ್ ಎಜುಕೇಶನ್ ಸೆಂಟರ್‌ನಲ್ಲಿ ಯಾವ ಕೊಳದಲ್ಲಿ ನೀರಿದೆ ಎಂದು ಕೇಳಿ. ಇದನ್ನು ಮಾತ್ರ ಬಿಡಬೇಡಿ. ಒಂದೊಂದು ವರ್ಷ ಒಂದೊಂದು ಥರ, ಮೊದಲೇ ಹೇಳೋಕಾಗಲ್ಲ. ಬರ ಬಂದರೆ ಬಿರುಕು ಬಿಟ್ಟ ನೆಲವಷ್ಟೇ ಸಿಗಬಹುದು. ನೀರು ಜಾಸ್ತಿಯಾದರೂ ಕಷ್ಟವೇ. ಈ ಹಕ್ಕಿಗಳಿಗೆ ಬೇಕಾದ್ದು ಕಾಲು ಮುಳುಗುವಷ್ಟು ನೀರು, ಬದಿಯಲ್ಲಿ ಕೆಸರು.

ಬೆಳಿಗ್ಗೆ ಬೇಗ, ಸೂರ್ಯ ಬೆನ್ನಿಗಿರುವಂತೆ ಪೂರ್ವದ ಕಡೆಯಿಂದ ಶುರು ಮಾಡಿ. ಸುಮ್ನೆ ಕಾರಲ್ಲೇ ಕೂತಿರಿ. ಬಾಗಿಲು ತೆಗೆದರೆ ಸಾಕು, ಇಡೀ ಹಿಂಡು ಎದ್ದುಬಿಡುತ್ತದೆ. ಅರ್ಧ ಇಳಿಸಿದ ಗಾಜಿನ ಮೇಲೆ ಮಡಚಿದ ಟವೆಲ್ ಹಾಕಿ ಬೈನಾಕ್ಯುಲರ್ ಊರಿದರೆ ಕೈ ಅಲುಗಲ್ಲ. ಅಲ್ಲಿನ ಗಾಳಿ ನೋಡಿದ್ದೀರಲ್ವಾ, ಟ್ರೈಪಾಡ್ ನಂಬಬೇಡಿ.

ಎರಡನೇ ದಿನ ಕ್ವಿವೀರಾ ವನ್ಯಜೀವಿ ಧಾಮ. ಬಿಗ್ ಸಾಲ್ಟ್ ಮಾರ್ಷ್ ಸುತ್ತ ಉಪ್ಪು ಬಿಳಿಚಿದ ನೆಲದಲ್ಲಿ ಸ್ನೋಯಿ ಪ್ಲೋವರ್ ಎಂಬ ಪುಟ್ಟ ಹಕ್ಕಿ ಹುಡುಕಿ. ಮೈಯೂ ನೆಲದ ಬಣ್ಣವೇ, ಓಡುವವರೆಗೂ ಕಾಣಲ್ಲ. ಮಳೆ ಬಿದ್ದಿದ್ದರೆ ಮಣ್ಣುರಸ್ತೆಗೆ ಇಳಿಯಬೇಡಿ.

ಮೂರನೇ ದಿನ ವಾಪಸ್ ಕಾನ್ಸಾಸ್ ಸಿಟಿಗೆ ಬರುವಾಗ ಸ್ಟ್ರಾಂಗ್ ಸಿಟಿ ಹತ್ತಿರದ ಟಾಲ್‌ಗ್ರಾಸ್ ಪ್ರೈರಿ ಪ್ರಿಸರ್ವ್ ಎಂಬ ರಕ್ಷಿತ ಹುಲ್ಲುಗಾವಲು ನೋಡಿ. ಉಣ್ಣಿ ಕಾಟವಿದೆ, ಪ್ಯಾಂಟ್ ಸಾಕ್ಸ್ ಒಳಗೆ ಸಿಕ್ಕಿಸಿ. ಹುಲ್ಲುಗಾವಲಿನ ಪ್ರೈರಿ ಚಿಕನ್ ಹಕ್ಕಿಗಳು ಹೆಣ್ಣನ್ನು ಒಲಿಸಲು ಕುಣಿಯುವ ಕುಣಿತವೂ ಬೇಕು ಅಂದಿರಲ್ಲ, ಹಾಗಾದರೆ ಏಪ್ರಿಲ್‌ನಲ್ಲೇ ಹೋಗಿ. ಮೇನಲ್ಲಿ ಸಿಕ್ಕರೆ ನಿಮ್ಮ ಅದೃಷ್ಟ.