‘ಪಾಸ್ ಔಟ್’: ಎಲ್ಲಿ ಏನರ್ಥ?

ಪ್ರಶ್ನೆ: ಹೊರದೇಶದ ಕೆಲಸವೊಂದರ ಅರ್ಜಿಯಲ್ಲಿ ‘ಐ ಪಾಸ್ಡ್ ಔಟ್ ಆಫ್ ಕಾಲೇಜ್ ಇನ್ 2021’ ಎಂದು ಬರೆದಿದ್ದೆ. ಅಮೆರಿಕದಲ್ಲಿರುವ ಸೋದರಮಾವ ತಿದ್ದು ಅಂದರು. ತಪ್ಪೇನು?
– ದಾವಣಗೆರೆಯ ಓದುಗರು

ಉತ್ತರ: ಭಾರತದಲ್ಲಿ ಓದುವವರಿಗೆ ತಪ್ಪೇನೂ ಕಾಣದು. ಆದರೆ ಅಮೆರಿಕ, ಬ್ರಿಟನ್ನಿನವರಿಗೆ ‘ಪಾಸ್ ಔಟ್’ ಎಂದೊಡನೆ ಹೊಳೆಯುವುದು ಪ್ರಜ್ಞೆ ತಪ್ಪುವುದು. ‘ಶಿ ಪಾಸ್ಡ್ ಔಟ್ ಇನ್ ದ ಹೀಟ್’ ಎಂದರೆ ಬಿಸಿಲಿನ ಝಳಕ್ಕೆ ಅವಳಿಗೆ ಎಚ್ಚರ ತಪ್ಪಿತು. ತುಸು ಹೊತ್ತಿನ ಬವಳಿಗೆ ‘ಫೇಂಟ್’ ಕೂಡ ಸರಿಯೇ. ಕುಡಿದು ಬಿದ್ದವನಿಗೆ, ದಣಿದು ಮೈಮೇಲೆ ಅರಿವಿಲ್ಲದೆ ಮಲಗಿದವನಿಗೆ ಮಾತ್ರ ‘ಫೇಂಟ್’ ಹೊಂದದು, ‘ಪಾಸ್ಡ್ ಔಟ್’ ಎಂದೇ ಹೇಳುತ್ತಾರೆ. ಮತ್ತೆ ಎಚ್ಚರವಾದರೆ ‘ಕೇಮ್ ಟು’ ಅಥವಾ ‘ಕೇಮ್ ರೌಂಡ್’.

ಹಾಗೆಂದು ನಮ್ಮ ಬಳಕೆ ಬುಡವಿಲ್ಲದ್ದಲ್ಲ. ಬ್ರಿಟಿಷ್ ಇಂಗ್ಲಿಷಿನಲ್ಲಿ ಸೇನೆ, ಪೊಲೀಸ್ ತರಬೇತಿ ಮುಗಿಸುವುದಕ್ಕೆ ಇದೇ ಮಾತು. ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿಯಲ್ಲಿ ನಡೆಯುವುದು ‘ಪಾಸಿಂಗ್ ಔಟ್ ಪರೇಡ್’; ಅದನ್ನು ಯಾರೂ ತಿದ್ದಬೇಕಿಲ್ಲ. ಕಾಲೇಜಿಗೂ ಅದನ್ನೇ ಹೇಳುವುದು ನಮ್ಮ ಕಡೆಯ ರೂಢಿ.

ನಿಮ್ಮ ಅರ್ಜಿಗೆ ‘ಐ ಗ್ರಾಜುಯೇಟೆಡ್ ಇನ್ 2021’ ಸಾಕು. ಕಾಲೇಜಿನ ಹೆಸರೂ ಬೇಕೆಂದರೆ ಹೆಸರಿಗೆ ಮೊದಲು ‘ಫ್ರಮ್’ ಹಾಕಿ. ನಮ್ಮ ಉದ್ಯೋಗ ಜಾಹೀರಾತುಗಳಲ್ಲಿ ಕಾಣುವ ‘2021 ಪಾಸೌಟ್’ ಎಂಬ ನಾಮಪದ ಹೊರದೇಶದ ಅರ್ಜಿಯಲ್ಲಿ ಬೇಡವೇ ಬೇಡ, ‘2021 ಗ್ರಾಜುಯೇಟ್’ ಎನ್ನಿ. ಪಿಯುಸಿ ಪದವಿಯಲ್ಲವಾದ್ದರಿಂದ ಅದಕ್ಕೆ ‘ಕಂಪ್ಲೀಟೆಡ್’.

ಪರೀಕ್ಷೆಯ ಮಾತು ಬಂದಾಗ ಇನ್ನೊಂದು ಎಡವಟ್ಟಾಗುತ್ತದೆ. ‘ಪರೀಕ್ಷೆಯಲ್ಲಿ ಪಾಸಾದೆ’ ಎಂದು ಯೋಚಿಸಿ ಬರೆಯುವಾಗ ನಮ್ಮ ‘ಅಲ್ಲಿ’ ಪ್ರತ್ಯಯ ‘ಇನ್’ ಆಗಿ ನುಸುಳಿ ‘ಪಾಸ್ಡ್ ಇನ್ ದಿ ಎಕ್ಸಾಮ್’ ಆಗುತ್ತದೆ. ಇಂಗ್ಲಿಷಿನಲ್ಲಿ ಪರೀಕ್ಷೆಯೇ ಕರ್ಮಪದ: ‘ಪಾಸ್ಡ್ ದಿ ಎಕ್ಸಾಮ್’. ‘ಇನ್’ ಬೇಡ, ‘ಔಟ್’ ಕೂಡ ಬೇಡ.

ಪ್ರಶ್ನೆ: ‘ಪಾಸ್ ಔಟ್ ದ ಪೇಪರ್ಸ್’ ಎಂದು ಓದಿದೆ. ಇದು ಬೇರೆಯೇ?
– ಶಿರಸಿಯ ಶಿಕ್ಷಕಿ

ಉತ್ತರ: ಬೇರೆಯೇ. ಇಲ್ಲಿ ಅರ್ಥ ‘ಹಂಚು’. ಹೆಚ್ಚಾಗಿ ಅಮೆರಿಕದ ಬಳಕೆ. ‘ಹ್ಯಾಂಡ್ ಔಟ್’ ಅಂದರೆ ಎಲ್ಲೆಡೆ ನಡೆಯುತ್ತದೆ. ‘ಪಾಸ್ ದ ಪೇಪರ್ಸ್ ಔಟ್’ ಎಂದೂ ಹೇಳಬಹುದು. ಆದರೆ ಸರ್ವನಾಮ ಬಂದರೆ ಅದು ನಡುವೆಯೇ ಕೂರಬೇಕು: ‘ಪಾಸ್ ದೆಮ್ ಔಟ್’ ಸರಿ, ‘ಪಾಸ್ ಔಟ್ ದೆಮ್’ ತಪ್ಪು. ಎಚ್ಚರ ತಪ್ಪುವ ಅರ್ಥದಲ್ಲಿ ಕರ್ಮಪದವೇ ಬರುವುದಿಲ್ಲ. ಹಾಗಾಗಿ ಬಿಸಿಲು ಅವಳ ಎಚ್ಚರ ತಪ್ಪಿಸಿತು ಎನ್ನಲು ‘ದ ಹೀಟ್ ಪಾಸ್ಡ್ ಹರ್ ಔಟ್’ ಎಂದು ಬರೆಯಲಾಗದು.