ಮಾಲ್ಟಾದ ಗುಮ್ಮಟಗಳು, ಮೋಸ್ಟಾದ ಬಾಂಬು

ಪ್ರಶ್ನೆ: ಮೈಸೂರಿನ ಸಂತ ಫಿಲೋಮಿನಾ ಚರ್ಚನ್ನು ನೋಡುತ್ತಲೇ ಬೆಳೆದವಳು ನಾನು. ಬರುವ ಬೇಸಿಗೆಯಲ್ಲಿ ಮಗನ ಜೊತೆ ಮಾಲ್ಟಾಕ್ಕೆ ಹೋಗುವವಳಿದ್ದೇನೆ. ಅಲ್ಲಿನ ಚಿತ್ರಗಳಲ್ಲಿ ನಮ್ಮ ಚರ್ಚಿನಂಥ ಮೊನಚಾದ ಗೋಪುರಗಳ ಬದಲು ಗುಮ್ಮಟಗಳೇ ಕಾಣುತ್ತವೆ. ಇದಕ್ಕೆ ಕಾರಣವೇನು? ಬಾಂಬು ಬಿದ್ದರೂ ಉಳಿದುಕೊಂಡ ಚರ್ಚೊಂದು ಅಲ್ಲಿದೆ ಎನ್ನುತ್ತಾರೆ, ನಿಜವೇ?
– ಓದುಗರೊಬ್ಬರು, ಯಾದವಗಿರಿ, ಮೈಸೂರು

ಉತ್ತರ: 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಫಿಲೋಮಿನಾ ಚರ್ಚಿಗೆ ಜರ್ಮನಿಯ ಕಲೋನ್ ನಗರದ, ಮೊನಚು ಗೋಪುರಗಳೇ ಗುರುತಾದ ಗಾಥಿಕ್ ಶೈಲಿಯ ಕೆಥೆಡ್ರಲ್ ಮಾದರಿಯಾಗಿತ್ತು. ಮಾಲ್ಟಾ ಇರುವುದು ಸಿಸಿಲಿಯ ದಕ್ಷಿಣಕ್ಕೆ, ಮೆಡಿಟರೇನಿಯನ್ ಸಮುದ್ರದ ನಡುವೆ. ಅಲ್ಲಿಯವರು ಗುಮ್ಮಟ, ಅಲಂಕಾರಗಳಿಗೆ ಹೆಸರಾದ, ರೋಮ್ ಮತ್ತು ಸಿಸಿಲಿಯ ಬರೋಕ್ ಶೈಲಿಯನ್ನು ತಮ್ಮದಾಗಿಸಿಕೊಂಡರು. ಇದರ ಜೊತೆಗೆ ನೆಲದ ಗುಣವೂ ಕಾರಣವಾಯಿತು. ಕಾಡೇ ಇಲ್ಲದ ಆ ದ್ವೀಪಗಳಲ್ಲಿ ಮರಮುಟ್ಟು ದುಬಾರಿ. ಆದರೆ ಹೊಂಬಣ್ಣದ ಸುಣ್ಣಕಲ್ಲು ಕಾಲಡಿಯಲ್ಲೇ ಸಿಗುತ್ತದೆ, ಸುಲಭವಾಗಿ ಕೆತ್ತಲು ಬರುತ್ತದೆ. ಹಾಗಾಗಿ ಚಾವಣಿಯನ್ನೂ ಕಲ್ಲಿನಲ್ಲೇ ಕಮಾನು ಕಟ್ಟಿ ಏರಿಸುವ ವಿದ್ಯೆ ಅಲ್ಲಿಯ ಕಲ್ಲುಕುಟಿಗರ ಕೈಗೆ ಹತ್ತಿತು. 316 ಚದರ ಕಿಲೋಮೀಟರಿನ, ಅಂದರೆ ಮಂಡ್ಯ ಜಿಲ್ಲೆಯ ಹದಿನೈದರಲ್ಲೊಂದು ಪಾಲಿನಷ್ಟೂ ಇಲ್ಲದ ಈ ದೇಶದಲ್ಲಿ 350ಕ್ಕೂ ಹೆಚ್ಚು ಚರ್ಚುಗಳಿವೆ.

ಬಾಂಬಿನ ಸಂಗತಿ ನಿಜ, ಅದು ನಡೆದದ್ದು ಮೋಸ್ಟಾ ಎಂಬ ಊರಿನಲ್ಲಿ. 1942ರ ಏಪ್ರಿಲ್ 9ರ ಮಧ್ಯಾಹ್ನದ ಬಳಿಕ, ಸಂಜೆಯ ಪೂಜೆಗಾಗಿ ಇನ್ನೂರೈವತ್ತಕ್ಕೂ ಹೆಚ್ಚು ಜನ ಸೇರಿದ್ದ ಹೊತ್ತಿನಲ್ಲಿ, ಜರ್ಮನ್ ವಿಮಾನದಿಂದ ಬಿದ್ದ ಬಾಂಬೊಂದು ಗುಮ್ಮಟವನ್ನು ತೂತು ಮಾಡಿಕೊಂಡು ಒಳಗೆ ಬಂತು. ಅದು ಸಿಡಿಯಲಿಲ್ಲ, ಒಬ್ಬರೂ ಸಾಯಲಿಲ್ಲ. ಈಗ ಅಲ್ಲಿ ಪ್ರದರ್ಶನಕ್ಕೆ ಇಟ್ಟಿರುವುದು ಅದರ ಮಾದರಿ ಮಾತ್ರ.

ಮೋಸ್ಟಾದವರು ಅದನ್ನು ಪವಾಡವೆಂದು ನಂಬುತ್ತಾರೆ, ಆ ನಂಬಿಕೆಯನ್ನು ನಾವು ಗೌರವಿಸಬೇಕು. ಆದರೆ ಆ ಚರ್ಚು ಎದ್ದುನಿಂತ ಬಗೆ ನನ್ನ ಮಟ್ಟಿಗೆ ಇನ್ನೂ ದೊಡ್ಡದು. 1833ರಲ್ಲಿ ಕೆಲಸ ಆರಂಭವಾದಾಗ ಊರಿನ ಹಳೆಯ ಚರ್ಚನ್ನು ಕೆಡವಲಿಲ್ಲ. ಅದರ ಸುತ್ತಲೇ ಹೊಸ ಗೋಡೆಗಳನ್ನು ಎಬ್ಬಿಸುತ್ತ ಹೋದರು. ಗುಮ್ಮಟ ಮುಗಿಯುವವರೆಗೂ, ಅಂದರೆ ಇಪ್ಪತ್ತೈದಕ್ಕೂ ಹೆಚ್ಚು ವರ್ಷ, ಒಳಗಿನ ಹಳೆಯ ಚರ್ಚಿನಲ್ಲಿ ಪೂಜೆ ನಡೆಯುತ್ತಲೇ ಇತ್ತು. ವಾಸ್ತುಶಿಲ್ಪಿ ಜಾರ್ಜಿಯೊ ಗ್ರೊನೆ ದ ವಾಸೆ ರೋಮಿನ ಪುರಾತನ ಗುಮ್ಮಟದ ದೇಗುಲವಾದ ಪ್ಯಾಂಥಿಯಾನನ್ನು ಮಾದರಿಯಾಗಿ ಇಟ್ಟುಕೊಂಡ, ಕೆಲಸದ ಬಹುಪಾಲನ್ನು ಊರಿನ ಜನರೇ ಕೂಲಿ ಕೇಳದೆ ಮಾಡಿಕೊಟ್ಟರು. ಒಳಗಿನಿಂದ ಸುಮಾರು 37 ಮೀಟರ್ ಅಗಲವಿರುವ ಆ ಗುಮ್ಮಟದ ಕೆಳಗೆ ಒಂದೂ ಕಂಬವಿಲ್ಲ. ಅಷ್ಟೂ ಭಾರವನ್ನು ಹೊತ್ತಿರುವುದು ಹಲವು ಮೀಟರ್ ದಪ್ಪದ ಗೋಡೆ. ತಲೆಯೆತ್ತಿ ನೋಡುವ ಮೊದಲು ಬಾಗಿಲಲ್ಲಿ ನಿಂತು ಆ ಗೋಡೆಯ ದಪ್ಪವನ್ನು ಗಮನಿಸಿ, ಮಗನಿಗೂ ತೋರಿಸಿ.

ರಾಜಧಾನಿ ವಲೆಟ್ಟಾದ ಸಂತ ಯೊವಾನ್ನರ ಕೆಥೆಡ್ರಲ್ಲನ್ನು ಹೇಗೂ ನೋಡುವಿರಿ. 1530ರಿಂದ 1798ರವರೆಗೆ ಮಾಲ್ಟಾವನ್ನು ಆಳಿದ ನೈಟ್‌ಗಳ, ಅಂದರೆ ಕ್ರೈಸ್ತ ಯೋಧ-ಸನ್ಯಾಸಿಗಳ ಪಂಗಡ ಅದನ್ನು 1570ರ ದಶಕದಲ್ಲಿ ಕಟ್ಟಿಸಿತು. ಕೋಟೆಕೊತ್ತಲಗಳನ್ನು ಕಟ್ಟುತ್ತಿದ್ದ ಜಿರೊಲಾಮೊ ಕಸ್ಸಾರ್ ಅದರ ಶಿಲ್ಪಿಯಾದ್ದರಿಂದ ಹೊರಗೋಡೆಗಳು ಕೋಟೆಯಂತೆಯೇ ಬೋಳಾಗಿವೆ. ಒಳಗೆ ಮಾತ್ರ ಅಂಗುಲವೂ ಬಿಡದ ಅಲಂಕಾರ. 1608ರಲ್ಲಿ ಇಟಲಿಯ ಚಿತ್ರಕಾರ ಕಾರವಾಜ್ಜೊ ಬರೆದ, ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಸ್ನಾನಿಕ ಯೊವಾನ್ನರ ಶಿರಚ್ಛೇದದ ಚಿತ್ರ ಇಲ್ಲಿಯೇ ಇದೆ. ಸಂತರ ಕೊರಳಿನಿಂದ ಹರಿದ ನೆತ್ತರಿನಲ್ಲಿ ಅವನು ತನ್ನ ರುಜು ಹಾಕಿದ್ದಾನೆ. ಅವನ ರುಜು ಇರುವ ಚಿತ್ರ ಇದೊಂದೇ. ನೆಲದ ತುಂಬ ನೈಟ್‌ಗಳ ಸುಮಾರು 400 ಬಣ್ಣದ ಅಮೃತಶಿಲೆಯ ಸಮಾಧಿಕಲ್ಲುಗಳಿರುವುದರಿಂದ ಚೂಪಾದ ಹಿಮ್ಮಡಿಯ ಪಾದರಕ್ಷೆಗಳನ್ನು ಒಳಗೆ ಬಿಡುವುದಿಲ್ಲ. ಚಪ್ಪಟೆ ಅಟ್ಟೆಯವನ್ನೇ ಹಾಕಿಕೊಂಡು ಹೋಗಿ.