ಅಧಿಕಾರಿಗಳ ಮನಸ್ಸು ಕೆಡದಂತೆ, ಆದರೆ ಕೆಲಸವಾಗುವಂತೆ ತಕರಾರು ಅರ್ಜಿ ಬರೆಯುವುದು ಹೇಗೆ?

ನಮ್ಮ ಓಣಿಯ ಗಟಾರ ಕಟ್ಟಿಕೊಂಡು ಹೊಲಸು ನೀರು ರಸ್ತೆಗೆ ಬರುತ್ತಿದೆ, ಫೋನು ಮಾಡಿ ಸಾಕಾಗಿದೆ, ಇನ್ನು ಅರ್ಜಿಯನ್ನೇ ಕೊಡಬೇಕೆಂದಿದ್ದೇನೆ, ಹೇಗೆ ಬರೆಯಲಿ ಎಂದು ಕೇಳಿದ್ದೀರಿ. ಧಾರವಾಡದ ಒಂದು ಸರಕಾರಿ ಕಚೇರಿಯ ಆವಕ ಶಾಖೆಯಲ್ಲಿ, ಅಂದರೆ ಬಂದ ಪತ್ರಗಳನ್ನು ಸ್ವೀಕರಿಸಿ ದಾಖಲಿಸುವ ಶಾಖೆಯಲ್ಲಿ, ಕುಳಿತು ಇಂಥ ಅರ್ಜಿಗಳಿಗೆ ಮುದ್ರೆ ಒತ್ತಿದವನು ನಾನಾದ್ದರಿಂದ, ಅವುಗಳನ್ನು ಓದುವವರ ಕಡೆಯಿಂದ ಉತ್ತರಿಸುತ್ತೇನೆ.

ನೀವು ಯಾರಿಗೆ ಬರೆದಿದ್ದೀರೋ ಅವರೊಬ್ಬರೇ ಅರ್ಜಿಯನ್ನು ಓದುವುದಿಲ್ಲ. ಆವಕ ಗುಮಾಸ್ತರು ಅದು ಯಾವ ಶಾಖೆಗೆ ಹೋಗಬೇಕೆಂದು ಗೊತ್ತುಮಾಡುತ್ತಾರೆ, ವಿಷಯ ನಿರ್ವಾಹಕರು ಕಡತದಲ್ಲಿ ಟಿಪ್ಪಣಿ ಬರೆಯುತ್ತಾರೆ, ಕಿರಿಯ ಅಭಿಯಂತರರು ಅದರ ಪ್ರತಿ ಹಿಡಿದು ಸ್ಥಳಕ್ಕೆ ಬರುತ್ತಾರೆ. ಅಷ್ಟರಲ್ಲಿ ಸಾಹೇಬರಿಗೆ ವರ್ಗವಾದರೆ ಹೊಸದಾಗಿ ಬಂದವರು ಮೊದಲಿನಿಂದ ಓದುತ್ತಾರೆ. ಇವರಲ್ಲಿ ಯಾರೂ ನಿಮ್ಮನ್ನು ಮತ್ತೊಂದು ಪ್ರಶ್ನೆ ಕೇಳದೆ ತಮ್ಮ ಪಾಲಿನ ಕೆಲಸ ಮುಗಿಸುವಂತೆ ಬರೆಯುವುದೇ, ನನ್ನ ಮಟ್ಟಿಗೆ, ನಿಜವಾದ ಸೌಜನ್ಯ.

ಆದ್ದರಿಂದ ಹೆಚ್ಚು ಶ್ರಮ ಬೇಡುವುದು ‘ವಿಷಯ’ದ ಸಾಲು. ‘ಗಟಾರದ ಸಮಸ್ಯೆ ಬಗ್ಗೆ’ ಎಂದಷ್ಟೇ ಬರೆದರೆ ಅದು ಎಲ್ಲಿಯ ಗಟಾರವೆಂದು ಯಾರಿಗೂ ತಿಳಿಯುವುದಿಲ್ಲ. ಗಾಂಧಿನಗರವೆಂದರೂ ಸಾಲದು, ಏಕೆಂದರೆ ಗಾಂಧಿನಗರ ಹುಬ್ಬಳ್ಳಿಯಲ್ಲೂ ಇದೆ, ಧಾರವಾಡದಲ್ಲೂ ಇದೆ. ಊರು, ಬಡಾವಣೆ, ಅಡ್ಡರಸ್ತೆ, ವಾರ್ಡ್ ಸಂಖ್ಯೆ ಇವು ಆ ಸಾಲಿನಲ್ಲೇ ಇರಲಿ. ಹಿಂದೆ ದೂರು ಕೊಟ್ಟಿದ್ದರೆ, ಉದಾಹರಣೆಗೆ ರಾಜ್ಯ ಸರಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೆ ಫೋನು ಮಾಡಿದ್ದರೆ, ಅಲ್ಲಿ ಕೊಟ್ಟ ದೂರಿನ ಸಂಖ್ಯೆಯನ್ನು ದಿನಾಂಕಸಹಿತ ‘ಉಲ್ಲೇಖ’ದಲ್ಲಿ ಕಾಣಿಸಿರಿ.

ಒಳಗಿನ ಒಕ್ಕಣೆ ಅರ್ಧ ಪುಟ ಮೀರಬೇಕಾಗಿಲ್ಲ. ‘ಹನುಮಂತದೇವರ ಗುಡಿಯ ಎದುರಿನ ಗಟಾರವು ಜೂನ್ 9ರಿಂದ ಕಟ್ಟಿಕೊಂಡಿದ್ದು, ಶಾಲೆಯ ಮಕ್ಕಳು ಹೊಲಸು ನೀರು ತುಳಿದು ಹೋಗಬೇಕಾಗಿದೆ. ಕಾರಣ, ಸ್ಥಳ ಪರಿಶೀಲಿಸಿ, ಏಳು ದಿನಗಳೊಳಗೆ ಹೂಳು ತೆಗೆಸಿ, ಕೈಕೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿ’ ಎಂಬಷ್ಟರಲ್ಲಿ ಎಲ್ಲವೂ ಬಂತು. ಬೀದಿದೀಪ, ನಾಯಿಗಳ ಕಾಟ ಇವನ್ನೆಲ್ಲ ಇದೇ ಅರ್ಜಿಗೆ ಸೇರಿಸಬೇಡಿರಿ. ಮೂರು ಶಾಖೆಗಳಿಗೆ ಸೇರಿದ ಅರ್ಜಿ ಯಾವ ಶಾಖೆಯದೂ ಆಗುವುದಿಲ್ಲ.

ಸಿಟ್ಟಿನ ಬಗ್ಗೆ ಒಂದು ಮಾತು. ‘ನೀವೇನು ನಿದ್ದೆ ಮಾಡುತ್ತಿದ್ದೀರಾ’ ಎಂದು ಬರೆದರೆ ಕಚೇರಿಯು ಆ ಆಪಾದನೆಗೆ ಸಮಜಾಯಿಷಿ ಸಿದ್ಧಪಡಿಸುವುದರಲ್ಲಿ ತೊಡಗುತ್ತದೆ. ಗಟಾರ ಇದ್ದಂತೆಯೇ ಇರುತ್ತದೆ. ‘ತಮ್ಮ ಪಾದಾರವಿಂದಗಳಲ್ಲಿ’ ಎಂಬ ಧಾಟಿಯೂ ಬೇಡ. ಅದನ್ನು ಓದಿ ಒಳಗೊಳಗೇ ನಕ್ಕವರನ್ನು ಕಂಡಿದ್ದೇನೆಯೇ ಹೊರತು ಕರಗಿದವರನ್ನು ಕಂಡಿಲ್ಲ. ‘ಮಾನ್ಯರೇ’ ಎಂದು ಆರಂಭಿಸಿ ‘ತಮ್ಮ ವಿಶ್ವಾಸಿ’ ಎಂದು ಸಹಿ ಮಾಡಿದರೆ ಸಾಕಷ್ಟು ಗೌರವವಾಯಿತು. ಓಣಿಯ ನಾಲ್ಕಾರು ಮನೆಯವರ ಸಹಿ, ದಿನಾಂಕ ಕಾಣುವ ಒಂದೆರಡು ಫೋಟೊ ಇದ್ದರೆ ಅರ್ಜಿಗೆ ತೂಕ ಬರುತ್ತದೆ.

ಅರ್ಜಿಯ ಎರಡು ಪ್ರತಿ ಒಯ್ಯಿರಿ. ಒಂದನ್ನು ಆವಕ ಶಾಖೆಗೆ ಕೊಟ್ಟು, ಇನ್ನೊಂದರ ಮೇಲೆ ಮುದ್ರೆ, ದಿನಾಂಕ ಹಾಗೂ ಆವಕ ಸಂಖ್ಯೆ ಹಾಕಿಸಿಕೊಳ್ಳದೆ ಅಲ್ಲಿಂದ ಕದಲಬೇಡಿರಿ. ಸಾಹೇಬರ ಕೈಗೇ ಕೊಟ್ಟೆನೆಂದು ಸಮಾಧಾನಪಟ್ಟು ಬರಿಗೈಯಲ್ಲಿ ಮರಳುವವರೇ ಹೆಚ್ಚು. ಅಂಥ ಅರ್ಜಿ ಕಳೆದುಹೋದರೆ ಕೊಟ್ಟದ್ದಕ್ಕೆ ಪುರಾವೆಯೇ ಇರುವುದಿಲ್ಲ. ಅಂಚೆಯಲ್ಲಿ ಕಳಿಸುವುದಾದರೆ, 2025ರಲ್ಲಿ ನೋಂದಾಯಿತ ಅಂಚೆಯು ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿರುವುದರಿಂದ, ಸ್ಪೀಡ್ ಪೋಸ್ಟ್ ಮಾಡಿ ರಸೀದಿಯನ್ನು ಜೋಪಾನವಾಗಿಡಿರಿ.

ಕೇಳಿದ ಅವಧಿಯಲ್ಲಿ ಏನೂ ಆಗದಿದ್ದರೆ ಅದೇ ಆವಕ ಸಂಖ್ಯೆಯನ್ನು ಉಲ್ಲೇಖಿಸಿ ನೆನಪೋಲೆ ಕೊಟ್ಟು, ಅದರ ಪ್ರತಿಯನ್ನು ಮೇಲಧಿಕಾರಿಗೂ ಕಳಿಸಿರಿ. ಅದಕ್ಕೂ ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ‘ನನ್ನ ಇಂಥ ಅರ್ಜಿಯ ಮೇಲೆ ಕೈಕೊಂಡ ಕ್ರಮದ ವಿವರ ಹಾಗೂ ಕಡತದ ಟಿಪ್ಪಣಿ ಹಾಳೆಗಳ ನಕಲು ಕೊಡಿರಿ’ ಎಂದು ಕೇಳಬಹುದು. 30 ದಿನಗಳೊಳಗೆ ಉತ್ತರಿಸಬೇಕೆಂಬುದು ಕಾಯ್ದೆಯಲ್ಲೇ ಇದೆ. ಕರ್ನಾಟಕದ ನಿಯಮದ ಪ್ರಕಾರ ಆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಆದರೆ ಮೊದಲ ಅರ್ಜಿಯಲ್ಲೇ ಈ ಕಾಯ್ದೆಯ ಹೆಸರೆತ್ತಿ ಹೆದರಿಸಲು ಹೋಗಬೇಡಿರಿ.